ರಾಣಿಗೆ ಉಡಿಸಿದ ಕೈ

ಇಂಗ್ಲಿಷ್ ಕಾದಂಬರಿಯ ಚರಿತ್ರೆಯನ್ನು ಓದುವ ವಿದ್ಯಾರ್ಥಿಗಳಿಗೆ ಫ್ಯಾನಿ ಬರ್ನಿಯ ಹೆಸರು ಅಪರಿಚಿತವಲ್ಲ. ರಿಚರ್ಡ್‌ಸನ್, ಫೀಲ್ಡಿಂಗ್ ಮುಂತಾದ ಹಿರಿಯರ ಕಾಲ ಮುಗಿದು ಜೇನ್ ಆಸ್ಟೆನ್ನಳ ಕಾಲ ಮೊದಲಾಗುವುದರ ನಡುವೆ ಆಕೆಯನ್ನೊಂದು ಸೇತುವೆಯಂತೆ ನಿಲ್ಲಿಸಿ, ‘ಎವೆಲಿನಾ’ ಎಂಬ ಕಾದಂಬರಿಯ ಹೆಸರನ್ನು ಹೇಳಿ, ಚರಿತ್ರಕಾರನು ಮುಂದಕ್ಕೆ ನಡೆದುಬಿಡುತ್ತಾನೆ. ಸೇತುವೆಯ ಮೇಲೆ ಯಾರೂ ಬಹಳ ಹೊತ್ತು ನಿಲ್ಲುವುದಿಲ್ಲವಷ್ಟೆ. ಆದರೆ ಆಕೆಯ ಕಾದಂಬರಿಗಳನ್ನು ಒತ್ತಟ್ಟಿಗಿರಿಸಿ ದಿನಚರಿಯನ್ನೂ ಪತ್ರಗಳನ್ನೂ ತೆರೆದವರಿಗೆ ಬೇರೊಬ್ಬ ಫ್ಯಾನಿ ಬರ್ನಿ ಕಾಣಿಸುತ್ತಾಳೆ. ಐದು ವರ್ಷಗಳ ಕಾಲ ಇಂಗ್ಲೆಂಡಿನ ರಾಣಿಗೆ ದಿನದಿನವೂ ಉಡಿಸಿ ತೊಡಿಸಿದವಳು ಈಕೆ. ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ನೋವನ್ನು ಮರೆಸುವ ಯಾವ ಔಷಧವೂ ಇಲ್ಲದ ಕಾಲದಲ್ಲಿ, ತನ್ನ ಬಲಸ್ತನವನ್ನು ಶಸ್ತ್ರವೈದ್ಯರಿಗೆ ಒಪ್ಪಿಸಿ, ಬದುಕಿ ಉಳಿದು, ಆ ಅನುಭವವನ್ನು ಬರೆದಿಟ್ಟವಳು ಕೂಡ ಈಕೆಯೇ. ಸಾಹಿತ್ಯಚರಿತ್ರೆಯ ಪಠ್ಯಪುಸ್ತಕಗಳು ಬಹುಮಟ್ಟಿಗೆ ಬಿಟ್ಟುಬಿಡುವ ಈ ಎರಡು ಸಂಗತಿಗಳೇ ಆಕೆಯ ಬಾಳಿನ ತಿರುಳೆಂದು ನನ್ನ ಭಾವನೆ.

ಫ್ಯಾನಿ ಹುಟ್ಟಿದ್ದು 1752ನೆಯ ಇಸವಿ ಜೂನ್ 13ರಂದು, ಇಂಗ್ಲೆಂಡಿನ ಪೂರ್ವ ತೀರದ ಕಿಂಗ್ಸ್ ಲಿನ್ ಎಂಬ ರೇವುಪಟ್ಟಣದಲ್ಲಿ. ತಂದೆ ಚಾರ್ಲ್ಸ್ ಬರ್ನಿ ಸಂಗೀತಗಾರ. ಮುಂದೆ ಸಂಗೀತದ ಚರಿತ್ರೆಯನ್ನು ನಾಲ್ಕು ಸಂಪುಟಗಳಲ್ಲಿ ಬರೆದು ಕೀರ್ತಿವಂತನಾದವನು. ಮಕ್ಕಳೆಲ್ಲ ಚುರುಕಾಗಿದ್ದ ಆ ಮನೆಯಲ್ಲಿ ಫ್ಯಾನಿಯೊಬ್ಬಳೇ ಮಂಕಾಗಿ ತೋರುತ್ತಿದ್ದಳಂತೆ. ಎಂಟು ವರ್ಷವಾದರೂ ಅವಳಿಗೆ ಅಕ್ಷರ ಹತ್ತಿರಲಿಲ್ಲ. ಸದಾ ಗಂಭೀರಳಾಗಿರುತ್ತಿದ್ದ ಹುಡುಗಿಗೆ ಮುದುಕಿಯೆಂಬ ಅಡ್ಡಹೆಸರು ಬಿದ್ದಿತ್ತು. ಹತ್ತನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡಳು. ಅಷ್ಟರಲ್ಲಿ ಹೇಗೋ ತಾನಾಗಿಯೇ ಓದುಬರಹ ಕಲಿತಿದ್ದ ಹುಡುಗಿ ಗುಟ್ಟಾಗಿ ಕಥೆ, ಪದ್ಯ, ನಾಟಕಗಳನ್ನು ಬರೆಯತೊಡಗಿದಳು. ಹೆಣ್ಣುಮಗಳು ಕಥೆ ಬರೆಯುವುದು ಗೌರವಸ್ಥರ ಮನೆತನಕ್ಕೆ ಸಲ್ಲದೆಂಬ ಅಳುಕು ಅವಳಲ್ಲಿಯೇ ಬೇರೂರಿದ್ದಿತು. ತಂದೆ ಮರುಮದುವೆಯಾದ 1767ರಲ್ಲಿ, ತನ್ನ ಹದಿನೈದನೆಯ ಹುಟ್ಟುಹಬ್ಬದ ಹೊತ್ತಿಗೆ, ಅವಳು ಅದುವರೆಗೆ ಬರೆದಿದ್ದುದನ್ನೆಲ್ಲ ಅಂಗಳದಲ್ಲಿ ರಾಶಿ ಹಾಕಿ ಬೆಂಕಿಯಿಟ್ಟಳು. ತಂಗಿ ಸೂಸನ್ ಪಕ್ಕದಲ್ಲಿ ನಿಂತು ಅತ್ತಳು. ಸುಟ್ಟುಹೋದವುಗಳಲ್ಲಿ ಒಂದು ಇಡಿಯ ಕಾದಂಬರಿಯೂ ಇತ್ತು.

ಕಾಗದ ಸುಟ್ಟರೆ ಕಥೆ ಸುಡುತ್ತದೆಯೆ? ಮರುವರ್ಷವೇ ದಿನಚರಿ ಮೊದಲಾಯಿತು. ಬೂದಿಯಾದ ಆ ಕಾದಂಬರಿಯ ನಾಯಕಿಯ ಮಗಳನ್ನು ಮನಸ್ಸಿನಲ್ಲಿ ಬೆಳೆಸುತ್ತ ಹೋಗಿ, ತಂದೆಯ ಗ್ರಂಥಗಳ ಹಸ್ತಪ್ರತಿಗಳನ್ನು ಹಗಲೆಲ್ಲ ನಕಲು ಮಾಡಿ, ರಾತ್ರಿಯ ವೇಳೆ ಕದ್ದು ಬರೆದು ಮುಗಿಸಿದ ಕಾದಂಬರಿಯೇ ‘ಎವೆಲಿನಾ’. ತಂದೆಯ ಲಿಪಿಕಾರಳಾಗಿದ್ದ ಅವಳ ಕೈಬರಹ ಮುದ್ರಣಾಲಯಗಳಿಗೆ ಗುರುತಾಗಿಬಿಟ್ಟೀತೆಂಬ ಭಯದಿಂದ ಇಡೀ ಪುಸ್ತಕವನ್ನು ಮರೆಮಾಚಿದ ಅಕ್ಷರದಲ್ಲಿ ಮತ್ತೆ ಬರೆದಳು. ಸೋದರನೊಬ್ಬ ವೇಷ ಮರೆಸಿಕೊಂಡು ಹೋಗಿ ಹಸ್ತಪ್ರತಿಯನ್ನು ಪ್ರಕಾಶಕನಿಗೆ ತಲಪಿಸಿದನು. ಪ್ರತಿಫಲ ಇಪ್ಪತ್ತು ಗಿನಿ. 1778ರ ಜನವರಿಯಲ್ಲಿ ಕರ್ತೃವಿನ ಹೆಸರಿಲ್ಲದೆ ಪುಸ್ತಕ ಹೊರಬಂದಾಗ, ಬರೆದವಳ ತಂದೆಗೂ ವಿಷಯ ತಿಳಿಯದು. ಪತ್ರಿಕೆಗಳು ಹೊಗಳಿದವು, ಪಂಡಿತ ಜಾನ್ಸನ್ ಹೊಗಳಿದನು. ಜಾನ್ಸನ್ನನ ಮೆಚ್ಚಿಕೆಯ ಸುದ್ದಿ ಚೆಸಿಂಗ್ಟನ್ನಿನ ತೋಟದ ಮನೆಗೆ ಬಂದಾಗ, ಇಪ್ಪತ್ತಾರು ವರ್ಷದ ಲೇಖಕಿ ಹಿಪ್ಪನೇರಳೆಯ ಮರವೊಂದನ್ನು ಸುತ್ತಿ ಕುಣಿದಳಂತೆ. ಪಾಪ, ಮುದುಕಿಯೆನಿಸಿಕೊಂಡಿದ್ದವಳು ಬಾಲ್ಯದಲ್ಲಿ ಕುಣಿಯದೆ ಉಳಿಸಿಕೊಂಡಿದ್ದ ಕುಣಿತ ಅದು.

1782ರಲ್ಲಿ ‘ಸಿಸಿಲಿಯಾ’ ಬಂದಿತು. ಜೇನ್ ಆಸ್ಟೆನ್ ತನ್ನ ಪ್ರಸಿದ್ಧ ಕಾದಂಬರಿಗೆ ಇಟ್ಟ ಹೆಸರಿನ ಮಾತುಗಳು ಈ ಗ್ರಂಥದ ಕೊನೆಯ ಪುಟಗಳಲ್ಲಿ ದೊರೆಯುತ್ತವೆ ಎಂಬುದನ್ನು ಬಲ್ಲವರು ಬಲ್ಲರು. ನಡುವೆ ಬರೆದ ಹಾಸ್ಯನಾಟಕವೊಂದನ್ನು ತಂದೆಯೂ ಹಿರಿಯ ಮಿತ್ರ ಸ್ಯಾಮ್ಯುಯಲ್ ಕ್ರಿಸ್ಪನೂ ಸೇರಿ ರಂಗಕ್ಕೆ ಬಾರದಂತೆ ತಡೆದರು. ಮಗಳು ತಲೆಬಾಗಿದಳು. ತಂದೆಯ ಮಾತಿಗೆ ಹೀಗೆ ತಲೆಬಾಗುವ ಅಭ್ಯಾಸವೇ ಮುಂದೆ ಅವಳನ್ನು ಅರಮನೆಗೆ ಒಯ್ದಿತೆನ್ನಬೇಕು.

1786ರ ಜುಲೈ ತಿಂಗಳಲ್ಲಿ ಮೂರನೆಯ ಜಾರ್ಜ್ ದೊರೆಯ ಪತ್ನಿ ಶಾರ್ಲಟ್ ರಾಣಿಯ ವಸ್ತ್ರಾಗಾರಕ್ಕೆ ಫ್ಯಾನಿ ಬರ್ನಿ ದ್ವಿತೀಯ ಪಾಲಕಿಯಾಗಿ ನೇಮಕಗೊಂಡಳು. ವರ್ಷಕ್ಕೆ 200 ಪೌಂಡು ಸಂಬಳ, ಇರಲು ಕೋಣೆಗಳು, ಒಬ್ಬ ಆಳು. ತಂದೆಗೆ ಹಿಗ್ಗೋ ಹಿಗ್ಗು. ರಾಜಾಸ್ಥಾನದಲ್ಲಿ ಕವಿಗಳಿಗೆ ದೊರೆಯುತ್ತಿದ್ದ ಮನ್ನಣೆಯ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದೂ ಅಂಥದೊಂದು ಆಶ್ರಯವೆಂದು ತೋರಬಹುದು. ಆದರೆ ಪಂಪನಿಗೆ ಅರಿಕೇಸರಿ ಕೊಟ್ಟದ್ದು ಅಗ್ರಹಾರ; ಫ್ಯಾನಿ ಬರ್ನಿಗೆ ಶಾರ್ಲಟ್ ರಾಣಿ ಕೊಟ್ಟದ್ದು ತನ್ನ ಬಟ್ಟೆಯ ದಾರಗಳನ್ನು ಬಿಗಿಯುವ ಕೆಲಸ.

ಅಲ್ಲಿಯ ದಿನಚರಿಯನ್ನು ಆಕೆ ವಿವರವಾಗಿ ಬರೆದಿದ್ದಾಳೆ. ಬೆಳಗ್ಗೆ ಆರಕ್ಕೆ ಎದ್ದು ಸಿದ್ಧಳಾಗಿ ಕರೆಗಂಟೆಯನ್ನು ಕಾಯಬೇಕು. ಗಂಟೆ ಬಾರಿಸಿದೊಡನೆ ಓಡಿಹೋಗಿ ರಾಣಿಗೆ ಉಡಿಸಬೇಕು. ನಡುಹಗಲಿನಲ್ಲಿ ಎರಡನೆಯ ಅಲಂಕಾರ. ಕೇಶಕ್ಕೆ ಪುಡಿ ಹಾಕಿ ಸುರುಳಿ ತಿದ್ದುವ ದಿನಗಳಲ್ಲಿ ಅದಕ್ಕೆ ಇನ್ನಷ್ಟು ಹೊತ್ತು. ರಾತ್ರಿ ಹನ್ನೊಂದು ಹನ್ನೆರಡರ ಹೊತ್ತಿಗೆ ಮತ್ತೆ ಗಂಟೆ. ಹಗಲು ತೊಡಿಸಿದ್ದನ್ನೆಲ್ಲ ಕಳಚಬೇಕು. ಆ ಕಾಲದ ಉಡುಪೆಂದರೆ ಸಾಮಾನ್ಯವೆ? ಮೈಗೆ ತಗಲುವ ಒಳಅಂಗಿ. ಅದರ ಮೇಲೆ ತಿಮಿಂಗಿಲದ ಬಾಯಿಂದ ತೆಗೆದ ಕಡ್ಡಿಗಳನ್ನು ಸಾಲುಸಾಲಾಗಿ ಹೊಲಿದು, ಬೆನ್ನ ಹಿಂದೆ ದಾರವೆಳೆದು ಬಿಗಿಯುವ ಗಡುಸಾದ ಕುಪ್ಪಸ. ಸೊಂಟದ ಎರಡೂ ಪಕ್ಕಕ್ಕೆ ಬುಟ್ಟಿಯಂತೆ ಚಾಚಿಕೊಳ್ಳುವ ಬಳೆಲಂಗ. ಒಂದರ ಮೇಲೊಂದು ಒಳಲಂಗ. ಎಲ್ಲಕ್ಕೂ ಮೇಲೆ ಹಿಂದಕ್ಕೆ ಹರಿಯುವ ನಿಲುವಂಗಿ. ಎದೆಗೆ ಆಧಾರವೂ ಆ ಕುಪ್ಪಸವೇ, ಸೆರೆಮನೆಯೂ ಆ ಕುಪ್ಪಸವೇ. ಬಟ್ಟೆಗಳನ್ನು ಒಂದೊಂದಾಗಿ ಎತ್ತಿಕೊಡಲು ಬೇರೊಬ್ಬ ಸೇವಕಿ ಇದ್ದಳು. ಅವಳಿಲ್ಲದಿದ್ದರೆ ಬಳೆಲಂಗಕ್ಕೆ ಮೊದಲೇ ನಿಲುವಂಗಿಯನ್ನು ಎತ್ತಿಕೊಂಡು ಅಪಹಾಸ್ಯಕ್ಕೆ ಗುರಿಯಾಗುತ್ತಿದ್ದೆನೆಂದು ಫ್ಯಾನಿ ತನ್ನನ್ನು ತಾನೇ ಪರಿಹಾಸ್ಯ ಮಾಡಿಕೊಂಡಿದ್ದಾಳೆ.

ಅರಮನೆಯ ರೀತಿನೀತಿಗಳ ಬಗ್ಗೆ ಆಕೆಗೆ ಮೊದಲೇ ಅರಿವಿಲ್ಲದೆ ಇರಲಿಲ್ಲ. ನೇಮಕಕ್ಕೆ ಆರೇಳು ತಿಂಗಳು ಮುಂಚೆ, 1785ರ ಡಿಸೆಂಬರಿನಲ್ಲಿ, ಅಕ್ಕ ಎಸ್ತರಳಿಗೆ ಒಂದು ವಿನೋದದ ಪತ್ರವನ್ನು ಬರೆದಿದ್ದಳು. ರಾಜದಂಪತಿಗಳ ಮುಂದೆ ಕೆಮ್ಮಬಾರದು, ಸೀನಬಾರದು, ಕೈಕಾಲು ಅಲುಗಿಸಬಾರದು. ತಲೆಗೆ ಸಿಕ್ಕಿಸಿದ ಸೂಜಿ ಒಳಕ್ಕೆ ಚುಚ್ಚಿಕೊಂಡರೂ ಅದನ್ನು ಕೀಳಬಾರದು. ರಕ್ತ ಸುರಿದರೆ ಸುರಿಯಲಿ ಎಂದು ನಿಂತಿರಬೇಕು ಎಂಬುದು ಆ ಪತ್ರದ ಧಾಟಿ. ಓದಿದವರು ನಗುತ್ತಾರೆ. ಇಪ್ಪತ್ತಾರು ವರ್ಷಗಳ ಮೇಲೆ, ರಕ್ತ ನಿಜವಾಗಿಯೇ ಸುರಿದ ಮೇಲೆ, ಅದೇ ಎಸ್ತರಳಿಗೆ ಅದೇ ಕೈ ಬರೆದ ಇನ್ನೊಂದು ಪತ್ರವನ್ನು ಓದಿ ಬಂದವರಿಗೆ ಮಾತ್ರ ಆ ನಗು ಬಾಯಲ್ಲೇ ಒಣಗುತ್ತದೆ.

ರಾಣಿ ಕೆಟ್ಟವಳಲ್ಲ, ಆದರೆ ಫ್ಯಾನಿಯ ಮೇಲಧಿಕಾರಿಣಿಯಾಗಿದ್ದ ಶ್ವೆಲೆನ್‌ಬರ್ಗ್ ಎಂಬ ಜರ್ಮನ್ ಮುದುಕಿ ಕಾಟಕ್ಕೆ ಹೆಸರಾದವಳು. ಸಂಜೆಯೆಲ್ಲ ಅವಳೊಡನೆ ಇಸ್ಪೀಟು ಆಡುತ್ತ ಕುಳಿತಿರಬೇಕು. ಚಳಿಗಾಲದ ಪ್ರಯಾಣದಲ್ಲಿ ಗಾಡಿಯ ಕಿಟಕಿಯನ್ನು ಮುಚ್ಚಗೊಡಿಸದೆ, ಕೊರೆಯುವ ಗಾಳಿಯಿಂದ ಫ್ಯಾನಿಯ ಕಣ್ಣು ಬಾತುಕೊಳ್ಳುವಂತೆ ಮಾಡಿದ ಮಹಾತಾಯಿ ಆಕೆ. ಈ ವರ್ಷಗಳಲ್ಲಿಯೇ ದೊರೆಗೆ ಚಿತ್ತಭ್ರಮೆಯಾಯಿತು. 1789ರ ಫೆಬ್ರವರಿಯಲ್ಲಿ ಕ್ಯೂ ಉದ್ಯಾನದಲ್ಲಿ ತನ್ನನ್ನು ಕಂಡ ದೊರೆ ಕೂಗುತ್ತ ಬೆನ್ನಟ್ಟಿದಾಗ, ಫ್ಯಾನಿ ದಿಕ್ಕುಗಾಣದೆ ಓಡಿದ್ದುಂಟು. ವಾರನ್ ಹೇಸ್ಟಿಂಗ್ಸನ ವಿಚಾರಣೆ ವೆಸ್ಟ್‌ಮಿನ್‌ಸ್ಟರ್ ಭವನದಲ್ಲಿ ನಡೆದಾಗ ರಾಣಿಯ ಅನುಮತಿ ಪಡೆದು ನೋಡಲು ಹೋಗುತ್ತಿದ್ದಳು. ಹೈದರಾಲಿಯ ಕಾಲದ ಮೈಸೂರು ಯುದ್ಧದ ಪುಟಗಳಲ್ಲಿ ಹೇಸ್ಟಿಂಗ್ಸನ ಹೆಸರನ್ನು ಓದುವ ನಮ್ಮವರಿಗೆ, ಆಕೆಯ ಸಹಾನುಭೂತಿಯೆಲ್ಲ ಆಪಾದಿತನ ಕಡೆಗೇ ಇತ್ತೆಂಬುದು ರುಚಿಸಲಿಕ್ಕಿಲ್ಲ. ಅರಮನೆಯ ಅನ್ನದ ಋಣವೋ ಹೇಸ್ಟಿಂಗ್ಸನ ಸೌಮ್ಯ ಮುಖವೋ, ಅಂತೂ ಎಡ್ಮಂಡ್ ಬರ್ಕನ ವಾಗ್ವೈಖರಿಯೂ ಅವಳನ್ನು ಅಲುಗಿಸಲಿಲ್ಲ.

ಬೆಳಗಿನಿಂದ ನಡುರಾತ್ರಿಯವರೆಗೆ ನಿಂತೇ ಇರುವ ಈ ಚಾಕರಿ ಮೈಯನ್ನು ತಿಂದುಹಾಕಿತು. ಜ್ವರ, ಕೆಮ್ಮು, ಪಕ್ಕೆನೋವು, ಉಸಿರಿನ ಕಷ್ಟ. ಬಿಡುಗಡೆ ಬೇಡುವ ಮನವಿಯನ್ನು ಬರೆದು ತಿಂಗಳುಗಟ್ಟಲೆ ಕೈಯಲ್ಲೇ ಇಟ್ಟುಕೊಂಡಿದ್ದಳು. ಕೊಡಲು ಧೈರ್ಯ ಸಾಲದು. ಕೊನೆಗೆ 1791ರ ಜುಲೈಯಲ್ಲಿ ವರ್ಷಕ್ಕೆ 100 ಪೌಂಡುಗಳ ವಿಶ್ರಾಂತಿವೇತನದೊಡನೆ ಹೊರಬಂದಳು. ಆ ಐದು ವರ್ಷಗಳಲ್ಲಿ ಒಂದು ಕಾದಂಬರಿಯೂ ಹೊರಬರಲಿಲ್ಲ.

ಎರಡು ವರ್ಷಗಳ ತರುವಾಯ ಅವಳು ಮಾಡಿದ ಕೆಲಸವನ್ನು ನೋಡಿದರೆ, ಅಪ್ಪನ ಮಾತಿಗೆ ತಲೆಬಾಗುತ್ತಿದ್ದವಳು ಇವಳೇ ಏನು ಎನ್ನಿಸುತ್ತದೆ. ಫ್ರಾನ್ಸಿನ ಕ್ರಾಂತಿಯಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದಿದ್ದ, ಕೈಯಲ್ಲಿ ಕಾಸಿಲ್ಲದ, ಕ್ಯಾಥೊಲಿಕ್ ಮತದ ಸೇನಾನಿ ಅಲೆಕ್ಸಾಂಡರ್ ದಾರ್ಬ್ಲೇಯನ್ನು 1793ರ ಜುಲೈ 28ರಂದು ಮದುವೆಯಾದಳು. ವಧುವಿಗೆ ನಲವತ್ತೊಂದು ವರ್ಷ. ತಂದೆ ಮದುವೆಗೆ ಬರಲಿಲ್ಲ. ಮರುವರ್ಷ ಗಂಡುಮಗು ಹುಟ್ಟಿತು. 1796ರಲ್ಲಿ ಚಂದಾದಾರರ ನೆರವಿನಿಂದ ‘ಕಮಿಲ್ಲಾ’ ಪ್ರಕಟವಾಯಿತು. ಚಂದಾದಾರರ ಪಟ್ಟಿಯಲ್ಲಿ ಸ್ಟೀವನ್‌ಟನ್ ಊರಿನ ಜೇನ್ ಆಸ್ಟೆನ್ ಎಂಬ ಇಪ್ಪತ್ತರ ಯುವತಿಯ ಹೆಸರೂ ಇದೆ. ಬಂದ ಹಣದಲ್ಲಿ ಸರ್ರೆ ಪ್ರಾಂತದಲ್ಲಿ ಒಂದು ಪುಟ್ಟ ಮನೆ ಕಟ್ಟಿ, ಅದಕ್ಕೆ ಕಾದಂಬರಿಯ ಹೆಸರನ್ನೇ ಇಟ್ಟರು. ಕಾದಂಬರಿಯಿಂದ ಮನೆ ಕಟ್ಟಿದವರು ಎಲ್ಲ ಕಾಲಕ್ಕೂ ವಿರಳವೇ.

1802ರಲ್ಲಿ ಎರಡು ದೇಶಗಳ ನಡುವೆ ಸಂಧಿಯಾದಾಗ ಆಕೆ ಗಂಡನ ಬಳಿಗೆ ಪ್ಯಾರಿಸಿಗೆ ಹೋದಳು. ವರ್ಷವೊಂದು ಕಳೆದ ಸ್ವಲ್ಪದರಲ್ಲೇ ಮತ್ತೆ ಯುದ್ಧ ಹತ್ತಿಕೊಂಡು, ಹತ್ತು ವರ್ಷ ಅಲ್ಲಿಯೇ ಸಿಕ್ಕಿಬಿದ್ದಳು. ಪ್ಯಾರಿಸಿನಲ್ಲಿ ಇಳಿದ ಹೊಸದರಲ್ಲಿ ನಡೆದ ಉಡುಪಿನ ಪ್ರಸಂಗವೊಂದು ಬಲು ಸ್ವಾರಸ್ಯವಾಗಿದೆ. ಆಕೆಯ ಪೆಟ್ಟಿಗೆಯನ್ನು ತೆರೆದು ನೋಡಿದ ಅಲ್ಲಿಯ ಉಡುಪಿನ ಹೆಂಗಸು ತಲೆಯ ಮೇಲೆ ಕೈಹೊತ್ತಳಂತೆ. ಮೂರು ಮೂರು ಒಳಲಂಗಗಳೆ? ಈಗ ಒಂದಕ್ಕಿಂತ ಹೆಚ್ಚು ಯಾರುಡುತ್ತಾರೆ? ಬಿಗಿಕುಪ್ಪಸವೆ? ಅದನ್ನು ಎಲ್ಲರೂ ಬಿಟ್ಟು ಕಾಲವಾಯಿತಲ್ಲ! ಕ್ರಾಂತಿಯ ತರುವಾಯ ಗ್ರೀಕ್ ಶಿಲ್ಪಗಳ ಮಾದರಿಯಲ್ಲಿ, ಎದೆಯ ಕೆಳಗೇ ನಡುವನ್ನು ಕಟ್ಟಿ, ತೆಳುವಾದ ಮಸ್ಲಿನ್ ಬಟ್ಟೆಯನ್ನು ಇಳಿಬಿಡುವ ಉಡುಪು ಅಲ್ಲಿ ಹಬ್ಬಿತ್ತು. ಆ ಮಸ್ಲಿನ್ನಿನಲ್ಲಿ ಉತ್ತಮವಾದುದು ನಮ್ಮ ಬಂಗಾಳದ ನೇಕಾರರ ಕೈಕೆಲಸವೆಂಬುದನ್ನು ಇಲ್ಲಿ ನೆನೆಯಬಹುದು. ರಾಣಿಯ ಬಿಗಿಕುಪ್ಪಸದ ದಾರಗಳನ್ನು ಐದು ವರ್ಷ ನಿರ್ವಹಿಸಿದವಳಿಗೆ ಈ ಹೊಸ ಸಡಿಲತೆ ಒಗ್ಗಲಿಲ್ಲ. ಹಳೆಯ ಕಾಲದ ಇಂಗ್ಲಿಷ್ ಹೆಂಗಸೆಂದು ನಕ್ಕರೆ ನಗಲಿ ಎಂದು ತನ್ನ ಬಟ್ಟೆಗಳನ್ನೇ ಉಟ್ಟುಕೊಂಡಳು. ಎದೆಯನ್ನು ಹೇಗೆ ಮುಚ್ಚಬೇಕು, ಹೇಗೆ ಆನಿಸಬೇಕು ಎಂಬುದನ್ನು ಹೆಣ್ಣಿಗೆ ಅರಮನೆ ಒಂದು ಬಗೆಯಾಗಿ ಹೇಳಿತು. ಕ್ರಾಂತಿ ಇನ್ನೊಂದು ಬಗೆಯಾಗಿ ಹೇಳಿತು. ಅವಳನ್ನು ಕೇಳಿದವರು ಮಾತ್ರ ಇಬ್ಬರಲ್ಲಿ ಯಾರೂ ಇಲ್ಲ.

1810ರ ಆಗಸ್ಟಿನಲ್ಲಿ ಎದೆಯಲ್ಲಿ ಸಣ್ಣದೊಂದು ನೋವು ತೋರಿತು. ಆಕೆ ಲಕ್ಷಿಸಲಿಲ್ಲ. ಗಂಡ ಕಳವಳಗೊಂಡು ಒತ್ತಾಯಿಸಿದರೂ, ಪರಪುರುಷನಾದ ವೈದ್ಯನಿಗೆ ತೋರಿಸಬೇಕೆಂಬ ಸಂಕೋಚದಿಂದಲೂ ಗಾಬರಿಯಿಂದಲೂ ದಿನ ತಳ್ಳಿದಳು. ಗೆಳತಿಯರು ಕಾಡಿ ಬೇಡಿದ ಮೇಲೆ ಆಂತ್ವಾನ್ ದ್ಯುಬ್ವಾ ಎಂಬ ಪ್ರಖ್ಯಾತ ವೈದ್ಯ ಬಂದನು. ಅವನು ಗಂಡನೊಡನೆ ಪ್ರತ್ಯೇಕವಾಗಿ ಮಾತಾಡಿ ಹೋದಾಗಲೇ, ಗಂಡನ ಮುಖವನ್ನು ನೋಡಿ ಅವಳಿಗೆ ಅರ್ಥವಾಯಿತು. ಆಮೇಲೆ ಬಂದವನು ನೆಪೋಲಿಯನ್ನನ ರಕ್ಷಕದಳದ ಶಸ್ತ್ರವೈದ್ಯ ಬ್ಯಾರನ್ ಲಾರೇ. ರಣರಂಗದಲ್ಲಿ ಗಾಯಾಳುಗಳನ್ನು ಬೇಗ ಸಾಗಿಸುವ ಗಾಡಿಗಳನ್ನು ಏರ್ಪಡಿಸಿ ಚರಿತ್ರೆಯಲ್ಲಿ ಉಳಿದವನು, ಕರುಣಿ. ಔಷಧೋಪಚಾರದಿಂದಲೇ ವಾಸಿ ಮಾಡಲು ಕೆಲವು ತಿಂಗಳು ಶ್ರಮಿಸಿದನು, ಗುಣವೂ ಕಂಡಿತು. ಅಷ್ಟರಲ್ಲಿ ಇಂಗ್ಲೆಂಡಿನಿಂದ ಆಪ್ತರ ಸಾವಿನ ವಾರ್ತೆಗಳು ಬಂದವು. ತಾನು ಎತ್ತಿ ಆಡಿಸಿದ್ದ ರಾಜಕುಮಾರಿ ಅಮೀಲಿಯಾ ತೀರಿಕೊಂಡ ಸುದ್ದಿ ಅವುಗಳಲ್ಲೊಂದು. ಆ ದುಃಖದಿಂದಲೇ ಗಡ್ಡೆ ಮತ್ತೆ ಕೆರಳಿತೆಂದು ಆಕೆಯ ನಂಬಿಕೆ. ಕೊನೆಗೆ ವೈದ್ಯರೆಲ್ಲ ಸೇರಿ ಒಂದೇ ತೀರ್ಮಾನಕ್ಕೆ ಬಂದರು. ತೀರ್ಪು ಕೊಡುವಾಗ ಲಾರೇಯ ಕಣ್ಣಿನಲ್ಲಿ ನೀರಿತ್ತು.

ಬಹಳ ದಿನ ಮೊದಲೇ ತಿಳಿಸಬೇಡಿರೆಂದು ಆಕೆ ಕೇಳಿಕೊಂಡಿದ್ದಳು. 1811ರ ಸೆಪ್ಟೆಂಬರ್ 30ರ ಬೆಳಗ್ಗೆ, ಹಾಸಿಗೆಯಲ್ಲಿರುವಾಗಲೇ, ಅಂದೇ ಶಸ್ತ್ರಕ್ರಿಯೆಯೆಂಬ ಚೀಟಿ ಬಂದಿತು. ಆಕೆಯ ಮೊದಲ ಯೋಚನೆ ಗಂಡನದು. ಆತ ಎದುರಿಗಿದ್ದರೆ ತಾಳಲಾರನೆಂದು, ಒಳಾಡಳಿತ ಇಲಾಖೆಯಲ್ಲಿ ಕೆಲಸದಲ್ಲಿದ್ದ ಆತನನ್ನು ಕಛೇರಿಯ ತುರ್ತು ಕಾರ್ಯದ ನೆಪದಿಂದ ತಡೆದಿಡುವಂತೆ ಗುಟ್ಟಾಗಿ ಏರ್ಪಾಟು ಮಾಡಿಸಿದಳು. ಕೋಣೆಯನ್ನು ಅಣಿ ಮಾಡಿಸಿದಳು. ವೈದ್ಯರು ಬರುವುದು ಮಧ್ಯಾಹ್ನ ಮೂರು ಗಂಟೆಗೆ ಎಂದು ಮುಂದಕ್ಕೆ ಹೋಯಿತು. ಮಾಡಲು ಕೆಲಸವಿಲ್ಲದೆ ಹಜಾರಕ್ಕೆ ಕಾಲಿಟ್ಟಾಗ ಅಲ್ಲಿ ಕಂಡದ್ದು ಪಟ್ಟಿಗಳು, ಗಾಯಕ್ಕೊತ್ತುವ ಬಟ್ಟೆಯ ಮಡಿಕೆಗಳು, ಸ್ಪಂಜುಗಳು, ನೂಲೆಳೆಯ ಲಿಂಟಿನ ರಾಶಿ. ಬಟ್ಟೆಯೆಂದರೆ ರೇಷ್ಮೆ, ಜರತಾರಿ, ಲೇಸು ಎಂದು ಐದು ವರ್ಷ ಕಳೆದವಳ ಮುಂದೆ ಈಗ ಅವಳ ಎದೆಗೆ ಸುತ್ತುವ ಬಟ್ಟೆ ಹರಡಿತ್ತು. ನೋಡಲಾರದೆ ಹಿಂದಿರುಗಿ, ಅತ್ತಿಂದಿತ್ತ ನಡೆದಾಡಿ, ಗಂಡನಿಗೂ ಮಗನಿಗೂ ನಾಲ್ಕು ಸಾಲು ಬರೆದಿಟ್ಟಳು. ತಾನು ಬದುಕದೆ ಹೋದರೆ ಎಂದು.

ಒಂದರ ಹಿಂದೊಂದು ನಾಲ್ಕು ಗಾಡಿಗಳು ಬಾಗಿಲಿಗೆ ಬಂದು ನಿಂತವು. ಕಪ್ಪು ಬಟ್ಟೆ ತೊಟ್ಟ ಏಳು ಮಂದಿ ಗಂಡಸರು ಹೇಳದೆ ಕೇಳದೆ ಕೋಣೆಯೊಳಕ್ಕೆ ನುಗ್ಗಿದರು. ತನ್ನ ಅಪ್ಪಣೆಯಿಲ್ಲದೆ ಇಷ್ಟು ಜನರೇಕೆ ಎಂದು ಆ ಸ್ಥಿತಿಯಲ್ಲಿಯೂ ಅವಳಿಗೆ ಕೋಪ ಬಂದಿತಂತೆ. ದ್ಯುಬ್ವಾ ಮಂಚವನ್ನು ಕೋಣೆಯ ನಡುವಿಗೆ ಎಳೆಸಿ, ಎರಡು ಹಳೆಯ ಹಾಸಿಗೆ ಮತ್ತು ಒಂದು ಹಳೆಯ ಹೊದಿಕೆಯನ್ನು ಕೇಳಿದನು. ಹಳೆಯವೇ ಏಕೆಂಬುದು ಅವಳಿಗೆ ತಿಳಿಯದೆ ಇರಲಿಲ್ಲ. ಹೆಂಗಸರು ಹೊರಗೆ ಹೋಗಬೇಕೆಂದು ಅಪ್ಪಣೆಯಾಯಿತು, ಅವಳು ಪ್ರತಿಭಟಿಸಿದಳು, ಒಬ್ಬ ದಾದಿ ಮಾತ್ರ ಅಲ್ಲಿಯೇ ನಿಂತಳು. ಉದ್ದನೆಯ ಮೇಲಂಗಿಯನ್ನು ಮೈಮೇಲೆ ಉಳಿಸಿಕೊಳ್ಳಬಹುದೆಂದು ಆಕೆ ಎಣಿಸಿದ್ದಳು. ಅದನ್ನೂ ತೆಗೆಯಬೇಕೆಂದರು. ರಾಣಿಯೊಬ್ಬಳ ಮೈಯನ್ನು ಪದರ ಪದರವಾಗಿ ಮುಚ್ಚುವ ಕಾಯಕದಲ್ಲಿದ್ದವಳು ಏಳು ಮಂದಿ ಅಪರಿಚಿತರೆದುರು ಆ ಅಂಗಿಯನ್ನು ಕಳಚಿ ಮಂಚವೇರಿದಳು. ಆ ಗಳಿಗೆಯಲ್ಲಿ ಅವಳಿಗೆ ನೆನಪಾದವರು ದೂರದ ಇಂಗ್ಲೆಂಡಿನಲ್ಲಿದ್ದ ಅಕ್ಕತಂಗಿಯರು.

ಮುಖದ ಮೇಲೆ ಕೆಂಬ್ರಿಕ್ ಬಟ್ಟೆಯ ಕರವಸ್ತ್ರವನ್ನು ಹಾಸಿದರು. ಅದು ತೆಳುವಾದ ಬಟ್ಟೆ. ಅದರ ಮೂಲಕ ಮಂಚದ ಸುತ್ತ ನಿಂತವರೂ, ಹೊಳೆಯುವ ಉಕ್ಕೂ ಅವಳಿಗೆ ಕಾಣಿಸಿದವು. ಗಾಳಿಯಲ್ಲಿ ಬೆರಳಿನಿಂದ ಒಂದು ಶಿಲುಬೆಯನ್ನೂ ಒಂದು ವರ್ತುಲವನ್ನೂ ಎಳೆದು, ಪೂರ್ತಿ ತೆಗೆಯಬೇಕೆಂದು ಸನ್ನೆ ಮಾಡಿದ್ದೂ ಕಾಣಿಸಿತು. ಸ್ತನವನ್ನು ಯಾರು ಹಿಡಿದಿರುತ್ತೀರೆಂದು ಲಾರೇ ಕೇಳಿದನು. ಯಾರೂ ಉತ್ತರ ಕೊಡಲಿಲ್ಲ. ತಾನೇ ಹಿಡಿಯುವೆನೆಂದು ಆಕೆ ಕೈ ಮುಂದೆ ತಂದಳು. ದ್ಯುಬ್ವಾ ಆ ಕೈಯನ್ನು ಮೆಲ್ಲನೆ ಸರಿಸಿ ಮೊದಲಿನ ಸ್ಥಾನದಲ್ಲಿಟ್ಟನು.

ಮುಂದಿನ ಇಪ್ಪತ್ತು ನಿಮಿಷಗಳನ್ನು ಆಕೆ ಬರೆದಿರುವ ರೀತಿಯನ್ನು ಸಂಗ್ರಹಿಸುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಕೂಗಿಕೊಳ್ಳಬೇಕು, ತಡೆಯಬಾರದು ಎಂದು ವೈದ್ಯರೇ ಮೊದಲು ಹೇಳಿದ್ದರು, ಅವಳು ಕೂಗಿದಳು. ಮುಗಿಯಿತೆಂದುಕೊಂಡಾಗಲೆಲ್ಲ ಮತ್ತೆ ಮೊದಲಾಯಿತು. ಅಲಗು ಎದೆಯ ಮೂಳೆಯನ್ನು ಕೆರೆಯುವುದು ಅರಿವಿಗೆ ಬಂದಿತು. ಎರಡು ಬಾರಿ ಎಚ್ಚರ ತಪ್ಪಿತು. ಕಡೆಗೆ ಎತ್ತಿ ಹಾಸಿಗೆಗೆ ಒಯ್ಯುವಾಗ ಕಣ್ಣು ತೆರೆದು ನೋಡಿದರೆ, ಲಾರೇಯ ಮುಖ ತನ್ನದರಷ್ಟೇ ಬಿಳಿಚಿಕೊಂಡಿತ್ತು. ಮುಖದ ಮೇಲೆ ರಕ್ತದ ಗೆರೆಗಳಿದ್ದವು. ಸಹಸ್ರಾರು ಸೈನಿಕರ ಕೈಕಾಲುಗಳನ್ನು ಕತ್ತರಿಸಿದ ವೀರನವನು! ತನ್ನ ನೋವಿನ ನಡುವೆಯೂ ಎದುರಿನವನ ನೋವನ್ನು ಕಂಡು ಬರೆದಿಟ್ಟ ಈ ಒಂದು ಸಾಲಿಗಾಗಿಯೇ ಆಕೆಯನ್ನು ಮಹಾ ಲೇಖಕಿಯರ ಪಂಕ್ತಿಯಲ್ಲಿ ಕೂಡಿಸಲು ನನಗೇನೂ ಸಂಕೋಚವಿಲ್ಲ.

ನೋವರಿಯದಂತೆ ಮಲಗಿಸಿ ಸ್ತನದ ಗಡ್ಡೆಯನ್ನು ತೆಗೆಯುವ ಕೆಲಸವನ್ನು ಜಪಾನಿನ ಹನಓಕಾ ಸೇಯ್ಶೂ ಎಂಬ ವೈದ್ಯ 1804ರಲ್ಲಿಯೇ ಸಾಧಿಸಿದ್ದನು. ಬಾಗಿಲು ಮುಚ್ಚಿದ ಆ ದೇಶದ ವಾರ್ತೆ ಪ್ಯಾರಿಸಿಗೆ ಮುಟ್ಟುವಂತಿರಲಿಲ್ಲ. ಈಥರ್ ಬಳಕೆಗೆ ಬಂದದ್ದು 1846ರಲ್ಲಿ. ಫ್ಯಾನಿಯ ಶಸ್ತ್ರಕ್ರಿಯೆಯಾದ ಮರುವಾರವೇ, 1811ರ ಅಕ್ಟೋಬರಿನಲ್ಲಿ, ಅಮೆರಿಕದ ಎರಡನೆಯ ಅಧ್ಯಕ್ಷ ಜಾನ್ ಆಡಮ್ಸನ ಮಗಳೂ ಇದೇ ಯಾತನೆಯನ್ನು ಸಹಿಸಿದಳು. ಆಕೆ ಎರಡು ವರ್ಷಗಳೊಳಗೆ ತೀರಿಕೊಂಡಳು. ಫ್ಯಾನಿ ಬದುಕಿದಳು, ಇನ್ನೂ ಇಪ್ಪತ್ತೆಂಟು ವರ್ಷ. ಅಷ್ಟು ಕಾಲ ಬದುಕಿದುದರಿಂದ ಅದು ನಿಜವಾಗಿ ಕ್ಯಾನ್ಸರ್ ಆಗಿತ್ತೆ ಎಂದು ಇತ್ತೀಚಿನ ವೈದ್ಯರು ಚರ್ಚಿಸಿದ್ದುಂಟು. ಲಾರೇಯ ಶಿಷ್ಯ ಬರೆದ ವರದಿಯಂತೂ ಕ್ಯಾನ್ಸರ್ ಎಂದೇ ಹೇಳುತ್ತದೆ.

ಆ ಪತ್ರ ಹಾಸಿಗೆಯ ಬಳಿಗೆ ಬಂದು ನಿಲ್ಲುತ್ತದೆ. ಚೇತರಿಕೆಯ ದಿನಗಳೆಂಬುದು ಸಾಹಿತ್ಯಕ್ಕೆ ಎಂದೂ ಪ್ರಿಯವಾದ ವಸ್ತುವಲ್ಲ. ಕತ್ತಿಯ ಕಥೆಯನ್ನು ಎಲ್ಲರೂ ಕೇಳುತ್ತಾರೆ, ಪಟ್ಟಿಯ ಕಥೆಯನ್ನು ಕೇಳುವವರಿಲ್ಲ. ಆದರೆ ಶಸ್ತ್ರಕ್ರಿಯೆಗೊಳಗಾದ ಹೆಣ್ಣಿಗೆ ಮರುದಿನದ ಪ್ರಶ್ನೆ ಇರುವುದೇ ಅಲ್ಲಿ. ಗಾಯದ ಮೇಲೆ ಏನನ್ನು ಉಡುವುದು? ತಿಮಿಂಗಿಲದ ಕಡ್ಡಿಯ ಕುಪ್ಪಸವನ್ನು ಹೊಸ ಗಾಯದ ಮೇಲೆ ಬಿಗಿಯುವಂತಿಲ್ಲ. ಏನೂ ಇಲ್ಲದೆ ಸಡಿಲ ಬಿಟ್ಟರೆ ಒಂದೊಂದು ಉಸಿರಿಗೂ ಹೊಲಿಗೆ ಎಳೆಯುತ್ತದೆ. ಆ ಕಾಲಕ್ಕೆ ಇದ್ದ ಉತ್ತರವೆಂದರೆ ಲಿಂಟ್, ಅದರ ಮೇಲೆ ಮಡಿಸಿದ ನಾರುಬಟ್ಟೆ, ಎದೆಯ ಸುತ್ತ ಅಗಲವಾದ ಪಟ್ಟಿ. ನಮ್ಮ ಕಾಲದಲ್ಲಿ ರೋಗಕ್ಕಾಗಿ ಸ್ತನವನ್ನು ತೆಗೆಸಿಕೊಂಡವರಿಗೂ, ಬೆನ್ನು, ಕೊರಳು, ಭುಜಗಳನ್ನು ಜಗ್ಗುವ ಅತಿಭಾರವನ್ನು ಕುಗ್ಗಿಸಿಕೊಂಡವರಿಗೂ ವೈದ್ಯರು ಹೇಳುವ ಉಡುಪಿನ ವಿವರಗಳನ್ನು ನೋಡಿದರೆ, ಈ ಹಳೆಯ ಪ್ರಶ್ನೆಗೆ ತಾಳ್ಮೆಯಿಂದ ಹುಡುಕಿದ ಉತ್ತರಗಳಂತೆ ತೋರುತ್ತವೆ. ಕೈಯನ್ನು ತಲೆಯ ಮೇಲಕ್ಕೆತ್ತದೆ ತೊಡಲಾಗುವಂತೆ ಮುಂದುಗಡೆ ಕೊಕ್ಕೆ ಅಥವಾ ಜಿಪ್ ಇರಬೇಕು. ಒಳಗೆ ತಂತಿ ಇರಬಾರದು. ಭುಜದ ಪಟ್ಟಿ ಅಗಲವಾಗಿರಬೇಕು. ಹೊಲಿಗೆಯ ಅಂಚು ಗಾಯದ ಗೆರೆಯ ಮೇಲೆ ಬೀಳಬಾರದು. ಊತವನ್ನು ಹಿಡಿದಿಡುವಷ್ಟು ಬಿಗಿ ಇರಬೇಕು, ಉಸಿರನ್ನು ತಡೆಯುವಷ್ಟು ಇರಬಾರದು. ಊತ ಇಳಿಯುವವರೆಗೆ ಮೈಯ ಅಳತೆ ನಿಲ್ಲದಾದ್ದರಿಂದ ಬೆಲೆಬಾಳುವ ಹೊಸ ಒಳಉಡುಪುಗಳನ್ನು ಕೊಳ್ಳಲು ಆತುರಪಡಬಾರದೆಂದೂ, ಹಗಲಿರುಳು ಎಷ್ಟು ವಾರ ತೊಡಬೇಕೆಂಬುದನ್ನು ಶಸ್ತ್ರ ಮಾಡಿದವರನ್ನೇ ಕೇಳಬೇಕೆಂದೂ ತಿಳಿದವರು ಹೇಳುತ್ತಾರೆ. ಇಲ್ಲಿ ಉಡುಪು ಪರರ ಕಣ್ಣಿಗಾಗಿ ಅಲ್ಲ, ತೊಡುವವಳ ಮೈಗಾಗಿ. ವಿಂಡ್ಸರ್ ಅರಮನೆಯ ವಸ್ತ್ರಾಗಾರದಲ್ಲಿ ಅಂಥ ಉಡುಪೊಂದು ಇದ್ದಿರಲಾರದು.

ಫ್ಯಾನಿ ಆ ದಿನದ ಬಗ್ಗೆ ತಿಂಗಳುಗಟ್ಟಲೆ ಬಾಯಿಬಿಡಲಾರದೆ ಹೋದಳು. ಯಾರಾದರೂ ಕೇಳಿದರೆ ಮೈ ಕೆಡುತ್ತಿತ್ತು. 1812ರ ಮಾರ್ಚಿನಲ್ಲಿ ಎಸ್ತರಳಿಗೆ ಬರೆಯತೊಡಗಿ, ತಲೆನೋವಿನಿಂದ ನಿಲ್ಲಿಸಿ, ಮತ್ತೆ ಬರೆದು, ಮುಗಿಸುವ ಹೊತ್ತಿಗೆ ಜೂನ್ ಬಂದಿತ್ತು. ಬರೆದದ್ದನ್ನು ತಿರುಗಿ ಓದುವ ಧೈರ್ಯ ಅವಳಿಗಿರಲಿಲ್ಲ. ಬರೆದುದಕ್ಕೆ ಕಾರಣ ಸ್ಪಷ್ಟ: ಇಂಥ ನೋವು ತನ್ನ ಅಕ್ಕತಂಗಿಯರಿಗೋ ಅವರ ಹೆಣ್ಣುಮಕ್ಕಳಿಗೋ ಕಾಣಿಸಿಕೊಂಡರೆ, ಅವರು ತನ್ನಂತೆ ಕಾಲ ಕಳೆಯದಿರಲಿ ಎಂಬುದು.

ಅದೇ 1812ರ ಬೇಸಗೆಯ ಕೊನೆಗೆ, ಹದಿನೇಳು ವರ್ಷದ ಮಗನನ್ನು ನೆಪೋಲಿಯನ್ನನ ಸೈನ್ಯದ ಕೈಗೆ ಸಿಗದಂತೆ ಪಾರುಮಾಡಲು ಆಕೆ ಇಂಗ್ಲೆಂಡಿಗೆ ಹಡಗೇರಿದಳು. ಗಾಯವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಡಂಕರ್ಕ್ ರೇವಿನಲ್ಲಿ ಅವಳ ಪೆಟ್ಟಿಗೆಯಲ್ಲಿ ಬರಹದ ಕಟ್ಟೊಂದು ಸಿಕ್ಕಿ, ಅಲ್ಲಿಯ ಅಧಿಕಾರಿ ಬೇಹುಗಾರಿಕೆಯ ಸಂಶಯದಿಂದ ಕೆಂಡವಾದನು. ಅದು ‘ದಿ ವಾಂಡರರ್’ ಕಾದಂಬರಿಯ ಹಸ್ತಪ್ರತಿ. 1814ರಲ್ಲಿ ಐದು ಸಂಪುಟಗಳಲ್ಲಿ ಅಚ್ಚಾದ ಆ ಗ್ರಂಥದ ನಾಯಕಿ ಹೊಟ್ಟೆಪಾಡಿಗಾಗಿ ಸಂಗೀತ ಹೇಳಿಕೊಡುತ್ತಾಳೆ. ಟೋಪಿ ಮಾರುವ ಅಂಗಡಿಯಲ್ಲಿ ದುಡಿಯುತ್ತಾಳೆ. ಹೆಂಗಸರ ಉಡುಪು ಹೊಲಿಯುವವಳ ಬಳಿ ಸೂಜಿ ಹಿಡಿದು ಬೆರಳು ಸವೆಸುತ್ತಾಳೆ. ಸಿರಿವಂತರ ಬಟ್ಟೆಯ ಹಿಂದಿರುವ ಬಡವರ ಕೈಯನ್ನು ಹೀಗೆ ತೋರಿಸಿದ ಕಾದಂಬರಿಗಳು ಆ ಕಾಲಕ್ಕೆ ಅಪರೂಪ. ವಿಮರ್ಶಕರಿಗೆ ಅದು ಬೇಕಾಗಿರಲಿಲ್ಲ. ಎವೆಲಿನಾ ಮುದುಕಿಯಾಗಿ ಬಂದಿದ್ದಾಳೆ ಎಂಬ ಧಾಟಿಯಲ್ಲಿ ಕ್ರೋಕರ್ ಎಂಬಾತ ಲೇಖಕಿಯ ವಯಸ್ಸನ್ನೇ ಹಿಡಿದು ಹಂಗಿಸಿದನು. ಗ್ರಂಥದಲ್ಲಿ ಉದ್ದ ಹೆಚ್ಚು, ಮಾತು ಬಿಗಿ, ನಿಜ. ಆದರೆ ಆ ಟೀಕೆ ವಿಮರ್ಶೆಯೆನಿಸಿಕೊಳ್ಳಲಾರದು.

1814ರಲ್ಲಿ ತಂದೆ ತೀರಿಕೊಂಡನು. ಮರುವರ್ಷ ವಾಟರ್‌ಲೂ ಕಾಳಗದ ವೇಳೆ ಆಕೆ ಬ್ರಸೆಲ್ಸ್ ನಗರದಲ್ಲಿದ್ದಳು. ಬೀದಿಗಳಲ್ಲಿ ಗಾಯಾಳುಗಳು ತುಂಬಿಹೋದಾಗ ಅಲ್ಲಿಯ ಹೆಂಗಸರೆಲ್ಲ ಹಳೆಯ ಬಟ್ಟೆಯ ಎಳೆ ಬಿಡಿಸಿ ಲಿಂಟ್ ಮಾಡುತ್ತ ಕುಳಿತರು. ಅವರೊಡನೆ ಫ್ಯಾನಿಯೂ ಕುಳಿತಳು. 1818ರಲ್ಲಿ ಬಾತ್ ಊರಿನಲ್ಲಿ ಗಂಡನನ್ನೂ, 1837ರಲ್ಲಿ ಒಬ್ಬನೇ ಮಗನನ್ನೂ ಕಳೆದುಕೊಂಡಳು. 1840ರ ಜನವರಿ 6ರಂದು, ಎಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಅವಳನ್ನು ಬಾತ್‌ನಲ್ಲಿ ಅವರ ಪಕ್ಕದಲ್ಲೇ ಮಣ್ಣುಮಾಡಿದರು.

ಕೊನೆಯ ವರ್ಷಗಳು ಬಹುಪಾಲು ಕಾಗದಗಳ ನಡುವೆ ಕಳೆದವು. ತಂದೆಯ ಕಾಗದಪತ್ರಗಳನ್ನು ಸೋಸಿ 1832ರಲ್ಲಿ ಆತನ ಚರಿತ್ರೆಯನ್ನು ಹೊರತಂದಳು. ಸೋಸುವಾಗ ಬಹಳಷ್ಟನ್ನು ನಾಶಮಾಡಿದಳು; ತನ್ನ ದಿನಚರಿಯಲ್ಲಿಯೂ ಎಷ್ಟೋ ಸಾಲುಗಳನ್ನು ಓದಲಾಗದಂತೆ ಮಸಿಯಿಂದ ಮುಚ್ಚಿದಳು. ಉಳಿದುದು ಸೋದರಿಯ ಮಗಳು ಶಾರ್ಲಟ್ ಬ್ಯಾರೆಟ್ಟಳ ಸಂಪಾದನೆಯಲ್ಲಿ 1842ರಿಂದ ಏಳು ಸಂಪುಟಗಳಾಗಿ ಪ್ರಕಟವಾಗಿ, ಮೆಕಾಲೆಯ ದೀರ್ಘ ವಿಮರ್ಶೆಗೂ ವಸ್ತುವಾಯಿತು. ಎಸ್ತರಳಿಗೆ ಬರೆದ ಆ ಪತ್ರಕ್ಕೆ ಆ ಸಂಪುಟಗಳಲ್ಲಿ ಸ್ಥಾನ ಸಿಗಲಿಲ್ಲ. ಜಾಯ್ಸ್ ಹೆಮ್ಲೋ ಎಂಬ ವಿದ್ವಾಂಸಳ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ಪತ್ರಸಂಪುಟಗಳ ಆರನೆಯದರಲ್ಲಿ, 1975ರಲ್ಲಿ, ಅದು ಎಲ್ಲರ ಕೈಗೂ ದೊರೆಯಿತು. ಮೂಲ ಕಾಗದ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದ ಬರ್ಗ್ ಸಂಗ್ರಹದಲ್ಲಿದೆ.